ಕಾಲು ತೆಗೆದ ಮೇಲೂ ಓಡುವ ಗಾಡಿ

ಅಪ್ಪನ ಗಾಡಿಗೆ ಏನೋ ಹೊಕ್ಕಿದೆ ಎಂದು ಮೊದಲು ಹೇಳಿದವಳು ಅವ್ವ. ನಾನು ನಕ್ಕುಬಿಟ್ಟೆ. ಬೈಲಹೊಂಗಲದಲ್ಲಿ ನನ್ನ ಗಂಡನದೊಂದು ಗ್ಯಾರೇಜಿದೆ. ಅದರ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು ಗಾಡಿಗಳ ವೈರಿಂಗ್ ಕೆಲಸ ನೋಡುವವಳು ನಾನು. ಬೆಳಗಾದರೆ ಯಾರಾದರೊಬ್ಬರು ಬಂದು, ಗಾಡಿ ತಾನೇ ಹಾರ್ನ್ ಹೊಡೆಯುತ್ತದೆ, ದೀಪ ತಾನೇ ಹತ್ತುತ್ತದೆ, ಏನೋ ಸೋಕಿದೆ ಎಂದು ಕಣ್ಣರಳಿಸಿ ಹೇಳುತ್ತಾರೆ. ನಾನು ಇಲಿ ಕಡಿದ ತಂತಿಯನ್ನು ಹುಡುಕಿ ತೋರಿಸಿದರೆ ಅವರಿಗೆ ಒಳಗೊಳಗೇ ಬೇಸರವಾಗುತ್ತದೆ. ಇಷ್ಟು ದಿನ ಹೆದರಿದ್ದು ಒಂದು ಇಲಿಗಾ ಅನ್ನಿಸುತ್ತದೆಯೋ ಏನೋ. ಹಾಗಾಗಿ ಅವ್ವನ ಮಾತಿಗೆ ನಾನು ನಕ್ಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಅಪ್ಪನ ವಿಷಯ ಮೊದಲು ಹೇಳಬೇಕು. ಹರೆಯದಲ್ಲಿ ಅವನು ಹತ್ತಿ ಅಂಡಿಗೆ ಹೇರಿದ ಲಾರಿ ಓಡಿಸಿದವನು. ಆಮೇಲೆ ಒಂದು ಹಳೆಯ ಪೆಟ್ರೋಲ್ ಕಾರು ಕೊಂಡು ಬಾಡಿಗೆ ಹೊಡೆದ. ಸವದತ್ತಿಯ ಗುಡ್ಡಕ್ಕೆ ಹೋಗುವವರು, ರಾಮದುರ್ಗಕ್ಕೆ ಹೆಣ್ಣು ನೋಡಲು ಹೊರಟವರು, ಕಿತ್ತೂರಿನ ಹೆದ್ದಾರಿಯಲ್ಲಿ ಬಸ್ಸು ಹಿಡಿಯಬೇಕಾದವರು, ಎಲ್ಲರೂ ಅಪ್ಪನನ್ನೇ ಕರೆಯುತ್ತಿದ್ದರು. ತುಂಬಿದ ಬಸುರಿಯನ್ನು ದವಾಖಾನೆಗೆ ಒಯ್ಯುವುದಿದ್ದರಂತೂ ಬೇರೆ ಯಾರ ಗಾಡಿಯೂ ಬೇಡ. ಅಷ್ಟು ಮೆತ್ತಗಿನ ಕಾಲು ಅವನದು. ಗಾಡಿ ನಿಂತದ್ದೂ ಗೊತ್ತಾಗುವುದಿಲ್ಲ, ಹೊರಟದ್ದೂ ಗೊತ್ತಾಗುವುದಿಲ್ಲ. ಅಪ್ಪನಿಗೆ ಅದೊಂದೇ ಜಂಬ. ಓದು ಬರಹ ಅಷ್ಟಕ್ಕಷ್ಟೆ, ಮಾತೂ ಕಡಿಮೆ, ಆದರೆ ಯಾರಾದರೂ ಜೋರಾಗಿ ಗಾಡಿ ಎಬ್ಬಿಸಿಕೊಂಡು ಹೋದರೆ ಮಾತ್ರ ಕಟ್ಟೆಯ ಮೇಲಿಂದಲೇ ಮುಖ ಕಿವುಚುತ್ತಿದ್ದ. ಬಾಡಿಗೆ ಬಿಟ್ಟ ಮೇಲೂ ಗಾಡಿ ಬಿಡಲಿಲ್ಲ. ಅಮಾವಾಸ್ಯೆ ಬಂತೆಂದರೆ ಅವ್ವನನ್ನು ಕೂರಿಸಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುವುದು ಅವನ ಪದ್ಧತಿ.

ಆ ಅಮಾವಾಸ್ಯೆಗೆ ಅವರಿಬ್ಬರೂ ಮೊದಲು ಮುರಗೋಡದ ಮಠಕ್ಕೆ ಹೋಗಿ, ಅಲ್ಲಿಂದ ಮುನವಳ್ಳಿಯ ದಾರಿ ಹಿಡಿದು ಸವದತ್ತಿಗೆ ಹೊರಟಿದ್ದರಂತೆ. ಮೂರು ದಾರಿ ಕೂಡುವಲ್ಲಿ ಯಾರೋ ನಿವಾಳಿಸಿ ಇಟ್ಟ ಕೆಂಪನ್ನ, ಕೊಯ್ದ ಲಿಂಬೆಹಣ್ಣು, ಒಂದು ಹಳೆಯ ಮೊರ ಬಿದ್ದಿದ್ದವು. ಅಪ್ಪ ಎದುರಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಅದರ ಮೇಲೆ ಗಾಲಿ ಹಾಯಿಸಿದ. ಮೊರ ಮುರಿದ ಸದ್ದು ತನಗೆ ಕೇಳಿಸಿತು ಎಂದಳು ಅವ್ವ. ಇನ್ನಷ್ಟು ದೂರ ಹೋಗಿ, ನವಿಲುತೀರ್ಥದ ಅಣೆಕಟ್ಟಿನ ನೀರು ಕಾಣುವ ಕಡೆ, ನಡು ಮಧ್ಯಾಹ್ನ, ರಸ್ತೆಯ ಮೇಲೆ ಒಂದು ನಾಯಿಯೂ ಇಲ್ಲದ ಹೊತ್ತಿನಲ್ಲಿ ಗಾಡಿ ತಾನೇ ಮುಂದಕ್ಕೆ ನುಗ್ಗತೊಡಗಿತಂತೆ.

"ಸಾವಕಾಶ ಹೋಗ್ರಿ ಅಂದೆ ನಾ," ಎಂದು ಅವ್ವ ನನ್ನ ಮುಂದೆ ಅಭಿನಯಿಸಿ ತೋರಿಸಿದಳು. "ನಾ ಒತ್ತಿಲ್ಲಬೇ ಅಂದ್ರು. ಒತ್ತಿಲ್ಲ ಅಂತಾರ, ಗಾಡಿ ಓಡಾಕ ಹತ್ತೈತಿ! ಮಾರಿ ನೋಡಿದ್ರ ಬೆಳ್ಳಗಾಗೈತಿ. ಆ ಮೊರದಾಗಿಂದು ಗಾಡಿ ಹತ್ತಿ ಕುಂತೈತಿ ಅಂತ ನನಗ ಅವಾಗ ಗೊತ್ತಾತು."

"ಮುಂದಿನ ಸೀಟಿನ್ಯಾಗ ಕುಂತಿತ್ತೋ, ಹಿಂದೋ?" ಎಂದು ನಾನು ಕೇಳಿದೆ.

ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ನಗು ನಿಂತದ್ದು ಒಂದು ಮಧ್ಯಾಹ್ನ. ಊಟದ ಡಬ್ಬಿ ಒಯ್ಯಲು ತವರಿಗೆ ಹೋಗಿದ್ದೆ. ನಮ್ಮ ಗ್ಯಾರೇಜಿನಿಂದ ಎರಡು ಓಣಿ ಆಚೆ. ಅಂಗಳದಲ್ಲಿ ಗಾಡಿ ನಿಂತಿತ್ತು, ಎಂಜಿನ್ ಚಾಲೂ ಇತ್ತು, ಒಳಗೆ ಯಾರೂ ಇರಲಿಲ್ಲ. ಅಪ್ಪ ಗಾಡಿ ಸುರು ಮಾಡಿಟ್ಟು ಒಳಗೆ ಕನ್ನಡಕ ತರಲು ಹೋಗಿದ್ದನಂತೆ. ನಾನು ಗೇಟಿನಲ್ಲಿ ನಿಂತೆ. ಎಂಜಿನ್ನಿನ ಸದ್ದು ಸಣ್ಣಗಿದ್ದದ್ದು ಮೆಲ್ಲಗೆ ಏರಿತು, ಒಂದು ಕ್ಷಣ ಅಲ್ಲೇ ನಿಂತಿತು, ಆಮೇಲೆ ಇಳಿಯಿತು. ಮತ್ತೆ ಏರಿತು. ಜ್ವರ ಬಂದು ಮಲಗಿದವರ ಉಸಿರಿನ ಹಾಗೆ. ಬಾನೆಟ್ಟಿನ ಮೇಲೆ ಅವ್ವ ಹಚ್ಚಿದ ಭಂಡಾರ, ಎಲ್ಲಮ್ಮನ ಅರಿಶಿನ, ಬಿಸಿಲಿಗೆ ಹಳದಿಯಾಗಿ ಹೊಳೆಯುತ್ತಿತ್ತು, ಅದರ ಮೇಲಿನ ಬೇವಿನ ಎಲೆಗಳು ಸದ್ದು ಏರಿದಾಗೆಲ್ಲ ನಡುಗುತ್ತಿದ್ದವು. ಕಸುಬಿನಲ್ಲಿ ಇಷ್ಟು ವರ್ಷ ಕಳೆದಿದ್ದರೂ ಆ ಖಾಲಿ ಸೀಟನ್ನು ನೋಡಲು ನನಗೆ ಮನಸ್ಸಾಗಲಿಲ್ಲ. ಎದುರಿನ ಗೋಡೆ ನೋಡುತ್ತ ಹೋಗಿ ಕಿಟಕಿಯಿಂದ ಕೈ ಹಾಕಿ ಚಾವಿ ತಿರುಗಿಸಿದೆ.

ಅದಾಗಿ ಕೆಲವೇ ದಿನಕ್ಕೆ ಗಾಡಿ ಮನೆಯ ಗೋಡೆಗೆ ಗುದ್ದಿತು. ಅಪ್ಪ ಅಂಗಳದೊಳಗೆ ಮೆಲ್ಲಗೆ ತರುತ್ತಿದ್ದಾಗ ಗಾಡಿ ಒಮ್ಮೆಲೇ ಹಾರಿ ಬಚ್ಚಲ ಪಕ್ಕದ ಬಟ್ಟೆ ಒಗೆಯುವ ಕಲ್ಲನ್ನು ಉರುಳಿಸಿ ಗೋಡೆಗೆ ಮೂಗು ಕೊಟ್ಟಿತು. ಕಲ್ಲಿನ ಮುಂದೆ ಸ್ವಲ್ಪ ಹೊತ್ತಿನ ಮುಂಚೆ ನನ್ನ ತಮ್ಮನ ಹೆಂಡತಿ ಕೂತು ಬಟ್ಟೆ ಒಗೆದು ಎದ್ದು ಹೋಗಿದ್ದಳು. ತಮ್ಮ ಕಿತ್ತೂರಿನಲ್ಲಿ ಹೆದ್ದಾರಿಯ ಪಕ್ಕ ಟೈರಿನ ಅಂಗಡಿ ಇಟ್ಟವನು, ದಿನಾ ಹೋಗಿ ಬಂದು ಮಾಡುತ್ತಾನೆ. ಅವತ್ತು ಬಂದವನೇ ಗೋಡೆ ನೋಡಿ, ಕಲ್ಲು ನೋಡಿ, ಹೆಂಡತಿಯ ಮುಖ ನೋಡಿ, ಗೂಟಕ್ಕೆ ಹಾಕಿದ್ದ ಗಾಡಿಯ ಚಾವಿ ತೆಗೆದು ಕಿಸೆಗೆ ಹಾಕಿಕೊಂಡ.

"ಅಕ್ಕಾ, ಗಾಡಿಗೂ ಏನೂ ಆಗಿಲ್ಲ, ದೆವ್ವಾನೂ ಇಲ್ಲ," ಎಂದು ನನ್ನನ್ನು ಹೊರಗೆ ಕರೆದು ಹೇಳಿದ. "ಅಪ್ಪನ ಕಾಲ ಮಾತ ಕೇಳವಲ್ದು. ವಯಸ್ಸಾತು. ರಾಮದುರ್ಗದಾಗ ಒಬ್ರು ಕೇಳಾಕ ಹತ್ಯಾರ, ಸಂತಿ ದಿನ ಬಂದು ನೋಡ್ತಾರಂತ. ಕೊಟ್ಟ ಬಿಡೂನು."

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಗಾಡಿಯನ್ನು ಅಪ್ಪನಿಗೆ ಹೇಳದೆ ರಾಮದುರ್ಗದವರಿಗೆ ತೋರಿಸುವ ಯಜಮಾನಿಕೆ ಇವನಿಗೆ ಯಾರು ಕೊಟ್ಟರು? ಖಾಲಿ ಗಾಡಿ ಉಸಿರಾಡುವುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ ಎಂದೆ. ಟೈರಿಗೆ ಗಾಳಿ ತುಂಬುವವರು ಎಂಜಿನ್ನಿನ ಮಾತಾಡಬಾರದು ಎಂದೂ ಒಂದು ಮಾತು ಹೆಚ್ಚಿಗೆ ಅಂದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಸಂತೆಯ ದಿನದೊಳಗೆ ಗಾಡಿಯ ದೋಷ ಹುಡುಕಿ ತೋರಿಸಿದರೆ ಚಾವಿ ಅಪ್ಪನ ಕೈಗೆ ತಾನೇ ಕೊಡುತ್ತೇನೆ, ಇಲ್ಲವಾದರೆ ಗಾಡಿ ರಾಮದುರ್ಗಕ್ಕೆ ಎಂದ.

ಒಳಗೆ ಬಂದರೆ ಅಪ್ಪ ಕಟ್ಟೆಯ ಮೇಲೆ ಕೂತು ತನ್ನ ಬಲಗಾಲನ್ನು ನೋಡುತ್ತಿದ್ದ. ಬೇರೆಯವರ ದನ ಬಂದು ಅಂಗಳದಲ್ಲಿ ನಿಂತರೆ ನೋಡುತ್ತೇವಲ್ಲ, ಯಾರದು, ಎಲ್ಲಿಂದ ಬಂತು ಎಂದು, ಹಾಗೆ.

"ತಂಗಿ," ಎಂದ. ಅಪ್ಪ ನನ್ನನ್ನು ಕರೆಯುವುದೇ ಹಾಗೆ. "ನಾ ಒತ್ತಿಲ್ಲ. ಅದು ನನಗ ಗೊತ್ತೈತಿ. ಆದ್ರ ಎಲ್ಲಾರೂ ಒತ್ತೀ ಅಂತಾರ. ಮನಷ್ಯಾಗ ಗೊತ್ತಿಲ್ದಂಗ ಅವನ ಕಾಲ ಒತ್ತತೈತೇನು?"

"ಹುಚ್ಚಪ್ಪಾ, ಹಂಗೆಲ್ಲರ ಆಗತೈತೇನು?" ಎಂದೆ.

"ಹಂಗಾದ್ರ ಹುಡುಕು. ಗಾಡೀದಂದ್ರ ಗಾಡೀದು, ನಂದಂದ್ರ ನಂದು. ಖರೇ ಹೇಳಬೇಕು ಮತ್ತ."

ಗಾಡಿಯ ಆಸೆ ಅವನಿಗೆ ಅಷ್ಟಾಗಿ ಇರಲಿಲ್ಲ. ತನ್ನ ಕಾಲು ಇನ್ನೂ ತನ್ನದೇ ಹೌದೋ ಅಲ್ಲವೋ, ಅದೊಂದು ಅವನಿಗೆ ಬೇಕಿತ್ತು. ಅದನ್ನು ನಾನು ಹೇಳಬೇಕಿತ್ತು. ನನಗೆ ಅಳು ಬಂತು, ಆದರೆ ನಮ್ಮ ಮನೆಯಲ್ಲಿ ಅಳುವುದಕ್ಕಿಂತ ಬೈಯುವುದು ಸುಲಭ. ತಮ್ಮನಿಂದ ಚಾವಿ ಕಿತ್ತುಕೊಂಡು, ಅವನಿಗೆ ಇನ್ನೊಂದು ಸುತ್ತು ಬೈದು, ಕೆಲಸಕ್ಕೆ ಕೂತೆ.

ಗಾಡಿ ಕಳ್ಳ ಮಕ್ಕಳ ಹಾಗೆ. ನೋಡುವವರು ಬಂದರೆ ಗಪ್ಪಾಗಿ ಕೂರುತ್ತದೆ. ಎಂಜಿನ್ ಸುರು ಮಾಡಿಟ್ಟು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಚಹಾ ಕುಡಿಯಲು ಒಳಗೆ ಹೋದೆನೋ, ಹೊರಗೆ ಸದ್ದು ಏರುವುದು ಕೇಳಿಸುತ್ತಿತ್ತು. ಓಡಿ ಬಂದರೆ ಮತ್ತೆ ಸುಮ್ಮನೆ. ಮೂರನೆಯ ಸಲ ಹಾಗಾದಾಗ ಕಪ್ಪು ಕೈಯಲ್ಲಿದ್ದಂತೆಯೇ ಓಡಿ ಬಂದೆ, ಚಹಾ ಸೀರೆಯ ಮೇಲೆ ಚೆಲ್ಲಿತು. ಅವ್ವ ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, ಒರೆಸಿಕೊಳ್ಳಲು ಒಂದು ಅರಿವೆ ತಂದು ಕೊಟ್ಟಳು.

ಮೊಬೈಲಿಗೆ ಜೋಡಿಸುವ ಸ್ಕ್ಯಾನರ್ ಹಚ್ಚಿದೆ, ಅದು ಯಾವ ದೋಷವನ್ನೂ ತೋರಿಸಲಿಲ್ಲ. ಎಕ್ಸಲೇಟರಿನ ಕೇಬಲ್ ಬಿಚ್ಚಿ ಎಳೆದೆ, ಎಲ್ಲೂ ಹಿಡಿಯುತ್ತಿರಲಿಲ್ಲ. ಗಾಳಿಯ ನಳಿಗೆಗಳಲ್ಲಿ ಬಿರುಕಿರಲಿಲ್ಲ. ಇನ್ನು ಉಳಿದದ್ದು ಒಂದು ಪುಟ್ಟ ಕರಿ ಡಬ್ಬಿ. ಎಂಜಿನ್ ಒಳಗೆ ಗಾಳಿ ಹೋಗುವ ದಾರಿಯಲ್ಲಿ ತಟ್ಟೆಯಂಥದೊಂದು ಬಾಗಿಲಿರುತ್ತದೆ. ನಾವು ಕಾಲು ಒತ್ತಿದಷ್ಟು ಅದು ತೆರೆಯುತ್ತದೆ. ಬಾಗಿಲು ಎಷ್ಟು ತೆರೆದಿದೆ ಎಂದು ಎಂಜಿನ್ನಿನ ಕಂಪ್ಯೂಟರಿಗೆ ವರದಿ ಕೊಡುವುದು ಈ ಡಬ್ಬಿಯ ಕೆಲಸ, ಥ್ರಾಟಲ್ ಸೆನ್ಸಾರ್ ಅನ್ನುತ್ತೇವೆ. ಅದು ಸುಳ್ಳು ವರದಿ ಕೊಟ್ಟರೆ ಕಂಪ್ಯೂಟರು ಅದನ್ನೇ ನಂಬಿ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು ಬಿಡುತ್ತದೆ, ಕಾಲು ಎಲ್ಲೇ ಇರಲಿ.

ಇದನ್ನು ಹಿಡಿಯಲು ಅಂಕಿ ತೋರಿಸುವ ಮೀಟರಿಗಿಂತ ಮುಳ್ಳಿನ ಹಳೆಯ ಮೀಟರು ವಾಸಿ. ಅಂಕಿ ಬದಲಾಗುವಷ್ಟರಲ್ಲಿ ತಪ್ಪು ಆಗಿ ಹೋಗಿರುತ್ತದೆ. ಮುಳ್ಳು ಮಾತ್ರ ಎಡವಿದ್ದನ್ನು ಮುಚ್ಚಿಡುವುದಿಲ್ಲ. ಎಂಜಿನ್ ಬಂದ್ ಇಟ್ಟು ಚಾವಿ ಮಾತ್ರ ತಿರುಗಿಸಿ, ಡಬ್ಬಿಯ ತಂತಿಯ ಬೆನ್ನಿಗೆ ಗುಂಡುಸೂಜಿ ಚುಚ್ಚಿ ಮೀಟರ್ ಹಚ್ಚಿದೆ. ಒಳಗೆ ಕೂತು ಕಾಲು ಒತ್ತಲು ಒಬ್ಬರು ಬೇಕು. ಅಪ್ಪನನ್ನೇ ಕರೆದೆ.

"ಸಾವಕಾಶ ಒತ್ತಪ್ಪಾ. ಒಮ್ಮೆಲೆ ಬ್ಯಾಡ."

ಅಪ್ಪ ಒತ್ತಿದ. ಅಂಥ ಒತ್ತು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಮುಳ್ಳು ಅರ್ಧ ವೋಲ್ಟಿನಿಂದ ಎದ್ದು, ಎಣ್ಣೆ ಸುರಿದ ಹಾಗೆ ಎಡದಿಂದ ಬಲಕ್ಕೆ ಹೊರಟಿತು. ಒಂದು ಜಾಗಕ್ಕೆ ಬಂದು ದಡ್ಡನೆ ಬಿತ್ತು, ಮರುಗಳಿಗೆ ಮೇಲಿನ ತುದಿಗೆ ಹಾರಿತು, ನಡುಗಿತು, ಮತ್ತೆ ದಾರಿಗೆ ಬಂತು. ಕಾಲು ಬಿಡಲು ಹೇಳಿದೆ. ಹಿಂದಕ್ಕೆ ಬರುವಾಗಲೂ ಅದೇ ಜಾಗದಲ್ಲಿ ಬಿತ್ತು, ಹಾರಿತು. ಎಷ್ಟು ಸಲ ಮಾಡಿದರೂ ಅಲ್ಲೇ.

"ಅಪ್ಪಾ," ಎಂದು ಕೂಗಿದೆ. "ಗಾಡೀದು! ಗಾಡೀದ ಐತಿ!"

ಬಾನೆಟ್ಟಿನ ಸಂದಿಯಿಂದ ನೋಡಿದರೆ ಅಪ್ಪ ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡಿದ್ದ.

ಡಬ್ಬಿಯ ಜೋಡಣೆ ಬಿಚ್ಚಿದಾಗ ಹುಳಿ ನಾತ ಹೊಡೆಯಿತು. ಪಿನ್ನುಗಳ ಸುತ್ತ ಹಸಿರು ಕಿಲುಬು ಮುದ್ದೆಗಟ್ಟಿತ್ತು, ಅದರೊಳಗೆ ಹಳದಿ ಭಂಡಾರ, ಒಂದೆರಡು ತೆಂಗಿನ ಜುಂಗು. ನನಗೆ ಒಂದು ನಿಮಿಷ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. "ಯವ್ವಾ!" ಎಂದು ನಾನು ಒದರಿದ್ದು ಓಣಿಯ ತುದಿಗೆ ಕೇಳಿಸಿರಬೇಕು.

ಅಮಾವಾಸ್ಯೆಗೆ ಎಲ್ಲರೂ ಗಾಡಿಗೆ ಕಾಯಿ ಒಡೆಯುತ್ತಾರೆ, ಗಾಲಿಗೆ ನೀರು ಬಿಡುತ್ತಾರೆ, ಮುಗಿಯಿತು. ಅವ್ವನದು ಬೇರೆ ಲೆಕ್ಕ. ಮೈಮೇಲೆ ಬಂದವರಿಗೆ ಕಾಲಿಗೆ ಯಾರಾದರೂ ತೀರ್ಥ ಹಾಕುತ್ತಾರೆಯೇ, ಹಣೆಗೂ ಎದೆಗೂ ಹಾಕುವುದಲ್ಲವೇ? ಗಾಡಿಯ ಎದೆ ಯಾವುದು? ಬಾನೆಟ್ಟಿನ ಒಳಗಿನದು. ನವಿಲುತೀರ್ಥದ ಆ ಮಧ್ಯಾಹ್ನದ ಮರುದಿನದಿಂದ ಅವ್ವ ಮಂಗಳವಾರಕ್ಕೊಮ್ಮೆ, ಶುಕ್ರವಾರಕ್ಕೊಮ್ಮೆ ಬಾನೆಟ್ ಎತ್ತಿ, ಗುಡ್ಡದಿಂದ ತಂದ ಭಂಡಾರ ಉಗ್ಗಿ, ಎಂಜಿನ್ನಿನ ಮೇಲೆ ಕಾಯಿ ಒಡೆದು ನೀರು ಬಿಡುತ್ತಿದ್ದಳು. ಗಾಡಿ ಹೆಚ್ಚು ಹಾರಿದ ವಾರ ಎರಡು ಕಾಯಿ. ಒಡೆದಷ್ಟೂ ಗಾಡಿ ಹಾರಿತು, ಹಾರಿದಷ್ಟೂ ಅವ್ವ ಒಡೆದಳು.

"ದೇವರ ನೀರಬೇ ಅದು," ಎಂದಳು ಅವ್ವ, ಅಪರಾಧಿಯ ಹಾಗೆ ಸೆರಗು ಹಿಡಿದುಕೊಂಡು. "ದೇವರ ನೀರ ಹೆಂಗ ಕೆಡಸತೈತಿ?"

"ಗಾಡೀ ಎದಿ ಎಲ್ಲೈತಿ ಅಂತ ನಿನಗ ಗೊತ್ತಿತ್ತು, ವೈರ್ ಎಲ್ಲೈತಿ ಅಂತ ಗೊತ್ತಿರಲಿಲ್ಲ," ಎಂದೆ. ಅಪ್ಪ ಕಟ್ಟೆಯ ಮೇಲಿಂದ ನಕ್ಕ. ಬಹಳ ದಿನಗಳ ಮೇಲೆ ನಕ್ಕದ್ದು. ಅವ್ವನೂ ನಕ್ಕಳು, ಆಮೇಲೆ ನಾನು. ಬೈಯಬೇಕೆಂದುಕೊಂಡಿದ್ದೆಲ್ಲ ಹೋಯಿತು.

ಹುಬ್ಬಳ್ಳಿಯಿಂದ ಹೊಸ ಸೆನ್ಸಾರ್ ತರಿಸಿ ಹಾಕಿದೆ, ಜೋಡಣೆ ತೊಳೆದು ಒಣಗಿಸಿದೆ. ಮುಳ್ಳು ಎಲ್ಲಿಯೂ ಎಡವಲಿಲ್ಲ. ಖಾಲಿ ಗಾಡಿಯನ್ನು ಅಂಗಳದಲ್ಲಿ ಚಾಲೂ ಬಿಟ್ಟು ಮಧ್ಯಾಹ್ನವೆಲ್ಲ ಕಾದೆ, ಉಸಿರು ಏರಲಿಲ್ಲ. ತಮ್ಮ ಹಳೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ, ರಾಮದುರ್ಗದವರಿಗೆ ಫೋನ್ ಮಾಡಿ ಬರಬೇಡಿರಿ ಎಂದ, ನನ್ನ ಕೈಯಿಂದ ಚಾವಿ ತೆಗೆದುಕೊಂಡು ಹೋಗಿ ಅಪ್ಪನ ಮುಂದೆ ಇಟ್ಟ.

"ತಪ್ಪ ತಿಳೀಬ್ಯಾಡಪ್ಪಾ," ಎಂದ.

"ಇರಲಿ ಬಿಡು. ನನಗೂ ಹಂಗ ಅನಿಸಿತ್ತು," ಎಂದ ಅಪ್ಪ.

ಅವತ್ತು ಸಂಜೆ ಅಪ್ಪ ಕಟ್ಟೆಗೆ ಬಂದವರಿಗೆಲ್ಲ ಆ ಡಬ್ಬಿ ತೋರಿಸಿದ. ಗಾಡೀದಾಗಿತ್ತು, ಕಾಲಿಂದಲ್ಲ, ನಮ್ಮ ತಂಗಿ ಹಿಡದಳು ಎಂದು. ನನಗೆ ಹೊಟ್ಟೆ ತುಂಬಿದ ಹಾಗಾಯಿತು.

ಮುಂದಿನ ಅಮಾವಾಸ್ಯೆಗೆ ಗುಡ್ಡಕ್ಕೆ ನನ್ನನ್ನೂ ಕರೆದ. ಹೊಸ ಸಾಮಾನು ಹಾಕಿದ ಗಾಡಿಯನ್ನು ದೂರದ ದಾರಿಯಲ್ಲಿ ಒಮ್ಮೆ ನೋಡುವುದು ವಾಡಿಕೆಯೂ ಹೌದು. ಸ್ಕ್ಯಾನರ್ ಚುಚ್ಚಿ ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅಪ್ಪನ ಪಕ್ಕ ಕೂತೆ, ಅವ್ವ ಹಿಂದೆ. ಪರದೆಯ ಮೇಲೆ ಒಂದೇ ಅಂಕಿ ಇಟ್ಟುಕೊಂಡಿದ್ದೆ, ಗಾಳಿಯ ಬಾಗಿಲು ನೂರಕ್ಕೆ ಎಷ್ಟು ತೆರೆದಿದೆ ಎಂಬುದು. ಅಪ್ಪ ಒತ್ತಿದರೆ ಏರುತ್ತಿತ್ತು, ಬಿಟ್ಟರೆ ಸೊನ್ನೆ. ಮುರಗೋಡ ದಾಟಿತು. ಮೂರು ದಾರಿ ಕೂಡುವಲ್ಲಿ ಈ ಸಲ ಏನೂ ಬಿದ್ದಿರಲಿಲ್ಲ. ಅವ್ವ ಹಿಂದಿನಿಂದ ಅದನ್ನು ಎರಡು ಸಲ ಹೇಳಿದಳು.

ಮುನವಳ್ಳಿ ಬಿಟ್ಟ ಮೇಲೆ ನೀರು ಕಾಣಿಸಿತು. ಬಿಸಿಲಿಗೆ ಅದು ನೀರಿನ ಹಾಗಿರಲಿಲ್ಲ, ತಗಡು ಹಾಸಿದಂತೆ ಬೆಳ್ಳಗೆ, ಅಲುಗಾಡದೆ ಬಿದ್ದಿತ್ತು. ರಸ್ತೆ ಖಾಲಿ. ಗಾಡಿಯ ವೇಗ ಹೆಚ್ಚಿದ್ದು ಮೊದಲು ನನ್ನ ಬೆನ್ನಿಗೆ ಗೊತ್ತಾಯಿತು.

"ತಂಗಿ," ಎಂದ ಅಪ್ಪ. ದನಿಯಲ್ಲಿ ಗಾಬರಿಯೇ ಇರಲಿಲ್ಲ. "ನೋಡು, ಬಂತು. ನಾ ಕಾಲ ತಗದೇನಿ."

ಹಿಂದೆ ಅವ್ವ ಎಲ್ಲಮ್ಮನನ್ನು ನೆನೆದು ಉಧೋ ಉಧೋ ಎನ್ನತೊಡಗಿದಳು.

ನಾನು ಅಂಕಿ ನೋಡಿದೆ. ಹದಿನೆಂಟು. ಇಪ್ಪತ್ತು. ಇಪ್ಪತ್ಮೂರು. ಎಡವುತ್ತಿರಲಿಲ್ಲ, ಹಾರುತ್ತಿರಲಿಲ್ಲ. ಇಪ್ಪತ್ತೇಳು. ಕೆಟ್ಟ ಸೆನ್ಸಾರ್ ಹಾಗೆ ಏರುವುದಿಲ್ಲ. ಸಡಿಲ ತಂತಿ ಹಾಗೆ ಏರುವುದಿಲ್ಲ. ಎಣ್ಣೆ ಸುರಿದ ಹಾಗೆ ಅಷ್ಟು ಮೆತ್ತಗೆ ಏರಿಸುವ ಕಾಲು ಬೈಲಹೊಂಗಲದಲ್ಲಿ ಒಂದೇ ಇರುವುದು. ಮೊಬೈಲಿನಿಂದ ಕಣ್ಣು ಕಿತ್ತು ಕೆಳಗೆ ನೋಡಲು ನನಗೆ ಧೈರ್ಯ ಬೇಕಾಯಿತು.

ಅಪ್ಪನ ಚಪ್ಪಲಿ ಕಳಚಿ ಅಡ್ಡ ಬಿದ್ದಿತ್ತು. ಬರಿಗಾಲು ಎಕ್ಸಲೇಟರಿನ ಮೇಲಿತ್ತು. ಬೆರಳುಗಳು ಬಾಗಿ, ಹಿಮ್ಮಡಿ ಊರಿ, ಒತ್ತುತ್ತಿತ್ತು. ಅಪ್ಪ ರಸ್ತೆ ನೋಡುತ್ತಿದ್ದ. ಮುಖ ಶಾಂತವಾಗಿತ್ತು, ಕಾಲು ತೆಗೆದವನ ಮುಖ. ಆ ಕಾಲಿಗೂ ಆ ಮುಖಕ್ಕೂ ನಡುವೆ ಯಾವ ಸಂಬಂಧವೂ ಇರಲಿಲ್ಲ. ಖಾಲಿ ಸೀಟಿನ ಗಾಡಿಗೆ ನಾನು ಅಷ್ಟು ಹೆದರಿರಲಿಲ್ಲ.

ಆಗ ಇನ್ನೊಂದು ಹೊಳೆಯಿತು. ಅವ್ವ ಎಂಜಿನ್ನಿಗೆ ಕಾಯಿ ಒಡೆಯಲು ಸುರು ಮಾಡಿದ್ದು ಗಾಡಿ ಇಲ್ಲಿ ಮೊದಲ ಸಲ ನುಗ್ಗಿದ ಮರುದಿನದಿಂದ. ಮೊದಲ ಸಲ ನುಗ್ಗಿದಾಗ ಆ ಡಬ್ಬಿ ಚೊಕ್ಕವಾಗಿತ್ತು. ಅಷ್ಟು ಸುಲಭದ ಲೆಕ್ಕ, ನಾನು ಮಾಡಿರಲಿಲ್ಲ. ಅಂಗಳದಲ್ಲಿ ಉಸಿರಾಡಿದ್ದು ಗಾಡಿ. ಗೋಡೆಗೆ ಗುದ್ದಿದ್ದು ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಕೈ ಚಾಚಿ ಚಾವಿಯನ್ನು ಒಂದು ಹಲ್ಲು ಹಿಂದಕ್ಕೆ ತಿರುಗಿಸಿದೆ. ಎಂಜಿನ್ ಸತ್ತಿತು. ಸ್ಟೇರಿಂಗ್ ಬಿಗಿಯಾದರೂ ಅಪ್ಪ ಕೈ ತಪ್ಪಿಸದೆ ಗಾಡಿಯನ್ನು ರಸ್ತೆಯ ಅಂಚಿಗೆ ತಂದ, ನಾನು ಕೈಬ್ರೇಕ್ ಎಳೆದೆ. ನಿಂತ ಮೇಲೆ ಗಾಳಿಯ ಸದ್ದೂ ಇರಲಿಲ್ಲ. ಅವ್ವನ ಉಧೋ ಮಾತ್ರ ಸಣ್ಣಗೆ ನಡೆದಿತ್ತು, ಅದೂ ನಿಂತಿತು.

"ಇನ್ನೂ ಐತಲಾ ಗಾಡ್ಯಾಗ?" ಎಂದ ಅಪ್ಪ.

"ಹೌದಪ್ಪಾ," ಎಂದೆ. "ಗಾಡೀದ ಐತಿ. ಮನಿಗೆ ಹೋಗಿ ಮತ್ತೊಮ್ಮೆ ಬಿಚ್ಚಿ ನೋಡತೇನಿ."

ಖರೇ ಹೇಳಬೇಕು ಎಂದು ಅವನು ಕೇಳಿದ್ದ. ನನ್ನ ಬಾಯಿಗೆ ಬರಲಿಲ್ಲ. ಇಷ್ಟು ಜೋರಿನ ಬಾಯಿ ಅಷ್ಟು ಸಣ್ಣ ಮಾತಿಗೆ ಒದಗಲಿಲ್ಲ. ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಬಾಡಿಗೆ ಗಾಡಿಯಲ್ಲಿ ಆಯುಷ್ಯ ಕಳೆದವನು, ಪಕ್ಕದಲ್ಲಿ ಕೂತವರ ಮುಖ ಓದಲು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಚಾವಿ ತಿರುಗಸು," ಎಂದ. "ಎಂಜಿನ್ ಬ್ಯಾಡ. ಅವತ್ತಿನಂಗ."

"ಇಲ್ಯಾಕಪ್ಪಾ, ಬಿಸಲಾಗ? ಮನ್ಯಾಗ ನೋಡೂನು."

"ತಿರುಗಸು, ತಂಗಿ."

ತಿರುಗಿಸಿದೆ. ಅವನು ಕೈ ಚಾಚಿದ, ನಾನು ಮೊಬೈಲನ್ನು ಕೊಟ್ಟೆ. ಕನ್ನಡಕ ಮೇಲೆ ಸರಿಸಿ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡ. ಮೂವತ್ತೆರಡು ಎಂದಿತ್ತು.

"ಕಾಲ ತಗದೇನಿ," ಎಂದ, ಅಂಕಿಗೆ ಹೇಳುವ ಹಾಗೆ.

ಮೂವತ್ತೆರಡು ಹಾಗೇ ಇತ್ತು.

ಅಪ್ಪ ಮೆಲ್ಲಗೆ ಬಗ್ಗಿ ಕೆಳಗೆ ನೋಡಿದ. ಎಷ್ಟು ಹೊತ್ತು ನೋಡಿದನೋ. ಆಮೇಲೆ ಮೊಬೈಲನ್ನು ತೊಡೆಯ ಸಂದಿಯಲ್ಲಿ ಇಟ್ಟುಕೊಂಡು, ಎರಡೂ ಕೈಯಿಂದ ಬಲ ಮೊಣಕಾಲನ್ನು ಹಿಡಿದು, ನಿದ್ದೆ ಹೋದವರ ಕಾಲನ್ನು ಎತ್ತುವ ಹಾಗೆ ತನ್ನ ಕಾಲನ್ನು ಎತ್ತಿದ. ಅಂಕಿ ಸೊನ್ನೆಗೆ ಇಳಿಯಿತು. ಕಾಲನ್ನು ಕೆಳಗೆ ಬಿಟ್ಟ. ಏರಿತು. ಮತ್ತೆ ಎತ್ತಿದ, ಸೊನ್ನೆ. ಹಿಂದಿನ ಸೀಟಿನಿಂದ ಅವ್ವ ಅವನ ಭುಜದ ಮೇಲೆ ಕೈ ಇಟ್ಟಳು. ಇನ್ನೊಬ್ಬರ ಮುಂದೆ ಅವಳು ಅವನನ್ನು ಮುಟ್ಟಿದ್ದು ನಾನು ಅದೇ ಮೊದಲು ನೋಡಿದ್ದು.

"ಸೆನ್ಸಾರ್ ಚಲೋ ಐತಿ, ತಂಗಿ," ಎಂದ ಅಪ್ಪ. "ನಿನ್ನ ಕೆಲಸದಾಗ ತಪ್ಪಿಲ್ಲ."

ಆಮೇಲೆ ಬಾಗಿಲು ತೆರೆದು ಇಳಿದ. ಬರಿಗಾಲಿನಲ್ಲೇ ಗಾಡಿಯ ಮುಂದಿನಿಂದ ಸುತ್ತಿ ಬಂದು ನನ್ನ ಕಡೆಯ ಬಾಗಿಲಿನ ಹತ್ತಿರ ನಿಂತ, ನಾನು ಆಚೆಗೆ, ಸ್ಟೇರಿಂಗಿನ ಮುಂದಿನ ಸೀಟಿಗೆ ಸರಿಯಲಿ ಎಂದು.